ಟೇಪಕ್ಕನ ಅರ್ಧ ಇಂಚು

ಟೇಪಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಕೊರಳಲ್ಲಿ ಸದಾ ಹಳದಿ ಟೇಪು. ಮಲಗುವಾಗಲಾದರೂ ಅದನ್ನು ತೆಗೆಯುತ್ತಾಳೋ ಇಲ್ಲವೋ ಎಂದು ಅವಳ ಗಂಡನನ್ನೇ ಕೇಳಬೇಕು. ಕೇಳಿದರೆ ಅವನು ನಗುತ್ತಾನೆ, ಹೇಳುವುದಿಲ್ಲ. ಬೀದಿಯ ಅರ್ಧಕ್ಕರ್ಧ ಹೆಂಗಸರ ಸೊಂಟದ ಸುತ್ತಳತೆ ಅವಳಿಗೆ ಬಾಯಿಪಾಠ. ಆದರೆ ಆ ಬಾಯಿಂದ ಒಂದು ಅಂಕಿಯೂ ಹೊರಗೆ ಬಿದ್ದದ್ದಿಲ್ಲ. ಟೇಪು ಸುತ್ತುತ್ತಾಳೆ, ನೋಡುತ್ತಾಳೆ, ಬಟ್ಟೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಗೀಚಿಕೊಳ್ಳುತ್ತಾಳೆ, ಅಷ್ಟೆ. ಬೀದಿ ಕೊನೆಯ ದರ್ಜಿ ಮಾತ್ರ ‘ನಲವತ್ತೆರಡು’ ಎಂದು ಹರಾಜು ಕೂಗಿದ ಹಾಗೆ ಕೂಗುತ್ತಾನೆ. ಹೆಂಗಸರೆಲ್ಲ ಅವನ ಅಂಗಡಿ ದಾಟಿಕೊಂಡು ಇವಳ ಹತ್ತಿರ ಬರುವುದಕ್ಕೆ ಅದೇ ಕಾರಣ.

ಮಹಡಿ ಮೇಲೆ ಮೈದುನನ ಸಂಸಾರ. ಮೈದುನನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು, ಹಾಗಾಗಿ ಬೀದಿಯವರ ಬಾಯಲ್ಲಿ ನರ್ಸಮ್ಮ. ಅತ್ತೆ ಕೆಳಗೊಂದು ಹೊತ್ತು, ಮೇಲೊಂದು ಹೊತ್ತು. ವಾರಗಿತ್ತಿಯರು ಎಂದಮೇಲೆ ಹಾವು ಮುಂಗುಸಿಯ ಹಾಗಿರಬೇಕೆಂದು ನೆಂಟರಿಷ್ಟರ ಲೆಕ್ಕಾಚಾರ. ಇವರಿಬ್ಬರು ಆ ಲೆಕ್ಕವನ್ನು ತಲೆಕೆಳಗು ಮಾಡಿದ್ದರು. ಇಬ್ಬರೂ ಗುಂಡಗಿದ್ದರು, ಇಬ್ಬರಿಗೂ ಬಿದ್ದು ಬಿದ್ದು ನಗುವ ಚಾಳಿ, ಮನೆಯ ಫೋಟೋಗಳಲ್ಲಿ ಇಬ್ಬರೂ ಹಿಂದಿನ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಡಗಿಕೊಳ್ಳಲು ಹೋಗಿ ಇಬ್ಬರೂ ಸಿಕ್ಕಿಬೀಳುತ್ತಿದ್ದರು. ಮೈದುನ ಅವರಿಗೆ ಜೋಡಿ ದಿಂಬು ಎಂದು ಹೆಸರಿಟ್ಟಿದ್ದ. ನರ್ಸಮ್ಮ ಅದಕ್ಕೆ ಗಂಡನನ್ನು ಚೆನ್ನಾಗಿ ಬೈದಿದ್ದಳು. ಟೇಪಕ್ಕನಿಗೆ ಮಾತ್ರ ಒಳಗೊಳಗೇ ಖುಷಿ. ದಿಂಬು ಎಂದದ್ದಕ್ಕಲ್ಲ, ಜೋಡಿ ಎಂದದ್ದಕ್ಕೆ. ಮದುವೆಯಾಗಿ ಬಂದಾಗಿನಿಂದ ಮಿಷಿನ್ನಿನ ಮುಂದೆ ಕೂತವಳಿಗೆ ಗೆಳತಿ ಎಂದು ಸಿಕ್ಕಿದ್ದು ಇವಳೊಬ್ಬಳೇ.

ಡಾಕ್ಟರು ಇಬ್ಬರಿಗೂ ತೂಕ ಇಳಿಸಲು ಹೇಳಿದಾಗ ಇಬ್ಬರೂ ಒಟ್ಟಿಗೇ ಶೂ ಕೊಂಡರು. ಟೇಪಕ್ಕನಿಗೆ ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿತ್ತು, ಜತೆಗೆ ಮಂಡಿನೋವು. ದಿನಾ ಬೆಳಗ್ಗೆ ಮೈದಾನದ ಸುತ್ತ ನಡಿಗೆ. ಮೊದಮೊದಲು ಏದುಸಿರು, ಆಮೇಲೆ ಮಾತು, ಆಮೇಲೆ ನಗು. ಅತ್ತೆಯ ಬಗ್ಗೆ, ಗಂಡಂದಿರ ಬಗ್ಗೆ, ಆಸ್ಪತ್ರೆಯ ಮುಖ್ಯ ನರ್ಸಿನ ಬಗ್ಗೆ ಹೊಟ್ಟೆ ಹುಣ್ಣಾಗುವಷ್ಟು ಆಡಿಕೊಂಡು ಬರುತ್ತಿದ್ದರು. ಸಕ್ಕರೆ ಇಳಿಯಿತು, ಮಂಡಿ ಸ್ವಲ್ಪ ಹಗುರಾಯಿತು. ಸಕ್ಕರೆ ಇಳಿಯದಿದ್ದರೂ ಟೇಪಕ್ಕ ನಡೆಯುವುದನ್ನು ಬಿಡುತ್ತಿರಲಿಲ್ಲ.

ಹೀಗಿರುವಾಗ ವಾರ್ಡಿನಲ್ಲಿ ರೋಗಿಯೊಬ್ಬರನ್ನು ಮಗ್ಗುಲು ಹೊರಳಿಸಲು ಹೋಗಿ ನರ್ಸಮ್ಮನ ಬೆನ್ನು ಹಿಡಿದುಕೊಂಡಿತು. ನೋವು ತಗ್ಗಿದ ಮೇಲೆ ಆಸ್ಪತ್ರೆಯ ಫಿಸಿಯೋಥೆರಪಿಯವರು, ನಡೆಯುವುದು ಒಳ್ಳೆಯದೇ, ಆದರೆ ದಿನಾ ಆಳು ಎತ್ತುವ ಕೆಲಸದವರಿಗೆ ಬೆನ್ನು ಕಾಲುಗಳಲ್ಲಿ ಕಸುವು ಬೇಕು, ಭಾರ ಎತ್ತಿ ಅಭ್ಯಾಸ ಮಾಡಿ ಎಂದರು. ದಿನಸಿ ಗೋದಾಮಿನ ಮೇಲೆ ಹೆಂಗಸರಿಗೆಂದೇ ಒಂದು ಜಿಮ್ ಇತ್ತು. ನರ್ಸಮ್ಮ ಸೇರಿದಳು. ಅವಳ ಕೆಲಸದ ಪಾಳಿಗೆ ಹೊಂದುತ್ತಿದ್ದದ್ದು ಬೆಳಗಿನ ಹೊತ್ತೊಂದೇ. ನಡಿಗೆ ನಿಂತಿತು.

‘ನೀವೂ ಬನ್ನಿ ಅಕ್ಕ’ ಎಂದು ಕರೆದಳು, ಸುಳ್ಳಲ್ಲ. ಟೇಪಕ್ಕ ಮೂಗು ಮುರಿದಳು. ಹೆಂಗಸರು ಕಬ್ಬಿಣ ಎತ್ತುವುದೆಂದರೇನು, ಹಮಾಲಿ ಮಾಡುವುದಕ್ಕೆ ಯಾರಾದರೂ ಕೈಯಿಂದ ದುಡ್ಡು ಕೊಡುತ್ತಾರೆಯೇ ಎಂದಳು. ಎರಡನೇ ಸಲ ಕರೆದಿದ್ದರೆ ಹೋಗುತ್ತಿದ್ದಳೋ ಏನೋ. ನರ್ಸಮ್ಮ ಎರಡನೇ ಸಲ ಕರೆಯಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ, ಮೇಡಂ ಪುರಾಣ. ಜಿಮ್ಮಿನಲ್ಲಿ ಹೇಳಿಕೊಡುವಾಕೆ ಹಿಂದೆ ಭಾರ ಎತ್ತುವ ಪಂದ್ಯಗಳಿಗೆ ಹೋಗುತ್ತಿದ್ದವಳಂತೆ. ನಮ್ಮ ಮೇಡಂ ಹಾಗಂದರು, ನಮ್ಮ ಮೇಡಂ ಹೀಗಂದರು. ಮೊಟ್ಟೆ ತಿನ್ನಬೇಕಂತೆ, ಕಾಳು ತಿನ್ನಬೇಕಂತೆ, ಊಟ ಬಿಡಬಾರದಂತೆ. ಉಪವಾಸವಿದ್ದು ಬರೀ ನಡೆದರೆ ಕೊಬ್ಬಿನ ಜತೆ ಮಾಂಸಖಂಡವೂ ಕರಗಿಹೋಗುತ್ತದಂತೆ. ಭಾರ ಎತ್ತಿದರೆ ಖಂಡ ಉಳಿಯುತ್ತದೆ, ಅದಕ್ಕೇ ಎಷ್ಟೋ ಸಲ ತೂಕ ನಿಂತಲ್ಲೇ ನಿಂತರೂ ಬಟ್ಟೆ ಸಡಿಲವಾಗುತ್ತದಂತೆ. ತೂಕದ ಯಂತ್ರ ನೋಡಬೇಡಿ, ಟೇಪು ನೋಡಿ ಎಂದು ಮೇಡಂ ಹೇಳಿದರಂತೆ. ಟೇಪಿನ ವಿಷಯವನ್ನು ಟೇಪಕ್ಕನಿಗೇ ಹೇಳಿಕೊಡುವ ಈ ಮೇಡಂ ಯಾರು? ಅವಳಿಗೆ ಮೈಯೆಲ್ಲ ಉರಿಯಿತು.

ಹೊಟ್ಟೆಕಿಚ್ಚಿನ ಕಾರ್ಯವೈಖರಿ ವಿಚಿತ್ರ. ಜೀವಮಾನವಿಡೀ ಟೇಪನ್ನು ನಂಬಿ ಅನ್ನ ತಿಂದವಳು ಈಗ ಸ್ನಾನದ ಮನೆಯ ತೂಕದ ಯಂತ್ರದ ಪರ ವಕಾಲತ್ತು ವಹಿಸಿದಳು. ಭಾನುವಾರ ಭಾನುವಾರ ಇಬ್ಬರೂ ಅದರ ಮೇಲೆ ಹತ್ತಿ ಇಳಿಯುತ್ತಿದ್ದರು. ಟೇಪಕ್ಕ ಒಬ್ಬಳೇ ನಡೆಯುತ್ತಿದ್ದಳು, ಮಾತಿಗೆ ಜನ ಇಲ್ಲದ್ದರಿಂದ ಬಿರುಸಾಗಿ ನಡೆಯುತ್ತಿದ್ದಳು, ರಾತ್ರಿಯ ಊಟಕ್ಕೂ ಕೈಮುಗಿದಿದ್ದಳು. ಅವಳ ಮುಳ್ಳು ವಾರವಾರವೂ ಕೆಳಗೆ. ನರ್ಸಮ್ಮನದು ಕದಲುತ್ತಿರಲಿಲ್ಲ. ‘ನೋಡಮ್ಮ, ಯಂತ್ರಕ್ಕೇನು ನಿನ್ನ ಮೇಲೆ ದ್ವೇಷವೇ?’ ಎಂದು ಹೇಳಿ ಒಳಗೆ ಹೋಗಿ ಟೇಪಕ್ಕ ತನ್ನ ಸೊಂಟವನ್ನೂ ಅಳೆದುಕೊಳ್ಳುತ್ತಿದ್ದಳು. ಮೂವತ್ತಾರಿದ್ದದ್ದು ಮೂವತ್ತನಾಲ್ಕಕ್ಕೆ ಬಂದು ಅಲ್ಲೇ ಬಿಡಾರ ಹೂಡಿತ್ತು.

ಗೆದ್ದವಳು ತಾನು, ಹೊಗಳಿಕೆ ಮಾತ್ರ ಇನ್ನೊಬ್ಬಳಿಗೆ. ಬಟ್ಟೆ ಕೊಡಲು ಬಂದ ಗಿರಾಕಿಗಳು ಮೆಟ್ಟಿಲಿಳಿದು ಬರುವ ನರ್ಸಮ್ಮನನ್ನು ಕಂಡು, ಏನ್ರೀ ಎಷ್ಟು ಚೆನ್ನಾಗಿ ಕಾಣ್ತಿದ್ದೀರಿ, ವಯಸ್ಸು ಹಿಂದಕ್ಕೆ ಓಡುತ್ತಿದೆಯಲ್ಲ ಎನ್ನುತ್ತಿದ್ದರು. ಆಮೇಲೆ ಟೇಪಕ್ಕನ ಕಡೆ ತಿರುಗಿ, ಯಾಕೆ ಹುಷಾರಿಲ್ವಾ, ಕೆನ್ನೆ ಒಳಗೆ ಹೋಗಿದೆ ಎನ್ನುತ್ತಿದ್ದರು. ಸಾಲದ್ದಕ್ಕೆ ಅತ್ತೆ ಬೇರೆ. ಬಟ್ಟೆಯ ಹೊಸ ಥಾನು ಬಂದ ದಿನ ಟೇಪಕ್ಕ ಅದನ್ನು ಮೇಜಿಗೆ ಎತ್ತಿಡಲಾಗದೆ ಉಸ್ಸೆಂದು ಕೂತಿದ್ದಳು. ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಒಂದೇ ಕೈಯಲ್ಲಿ ಅದನ್ನು ಎತ್ತಿಟ್ಟು ಮಹಡಿಗೆ ಹೋದಳು. ಅತ್ತೆ ಅದನ್ನು ನೋಡಿ, ಇವಳು ಒಂದು ಗಂಡಾಳಿಗೆ ಸಮ ಎಂದು ಮೂರು ಮನೆಗೆ ಹೇಳಿಕೊಂಡು ಬಂದರು. ಮೊದಲೆಲ್ಲ ಆ ಥಾನನ್ನು ಎತ್ತುತ್ತಿದ್ದವಳು ಟೇಪಕ್ಕನೇ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮನೆಯ ಇಸ್ತ್ರಿಯೆಲ್ಲ ಕೆಳಗಿನ ದೊಡ್ಡ ಮೇಜಿನ ಮೇಲೇ ಆಗುವುದು. ನರ್ಸಮ್ಮನ ಸಮವಸ್ತ್ರಗಳೂ ಅಲ್ಲಿಗೇ ಬರುತ್ತಿದ್ದವು. ಒಂದು ಮಧ್ಯಾಹ್ನ ಟೇಪಕ್ಕ ಆ ನೀಲಿ ಪ್ಯಾಂಟೊಂದನ್ನು ಮೇಜಿನ ಮೇಲೆ ಹಾಸಿದಳು. ಬಟ್ಟೆ ಸಡಿಲವಾಗುತ್ತದೆ ಎಂದಿದ್ದರಲ್ಲವೇ ಮೇಡಂ? ಆಗಲಿ, ನೋಡೋಣ. ಹಿಂಭಾಗದ ಹೊಲಿಗೆ ಬಿಚ್ಚಿ, ಸೊಂಟಪಟ್ಟಿಯನ್ನು ಅರ್ಧ ಇಂಚು ಒಳಗೆ ಹಿಡಿದು, ಅದೇ ಬಣ್ಣದ ದಾರದಲ್ಲಿ ಹೊಲಿದು, ಇಸ್ತ್ರಿ ಹಾಕಿ ಮಡಿಸಿಟ್ಟಳು. ಉಳಿದ ಎರಡಕ್ಕೂ ಅದೇ ಉಪಚಾರ. ಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ ಹೊಲಿದವಳಿಗೇ ಹೆಮ್ಮೆಯಾಯಿತು.

ಆಮೇಲೆ ಕಾದಳು. ಅಯ್ಯೋ ಅಕ್ಕ, ಬಿಗಿಯಾಗ್ತಿದೆ, ದಪ್ಪ ಆಗಿಬಿಟ್ಟೆ ಎಂಬ ಮಾತಿಗೆ ಕಿವಿ ನೆಟ್ಟು ಕಾದಳು. ವಾರ ಕಳೆಯಿತು, ಮಾತು ಬರಲಿಲ್ಲ. ಇನ್ನರ್ಧ ಇಂಚು ಹಿಡಿದಳು. ಉಹೂಂ. ಮೂರನೇ ಸಲವೂ ಹಿಡಿದಳು. ನರ್ಸಮ್ಮ ದಿನಾ ಅದೇ ಪ್ಯಾಂಟು ಹಾಕಿಕೊಂಡು ಆರಾಮವಾಗಿ ಮೆಟ್ಟಿಲಿಳಿದು ಹೋಗುತ್ತಿದ್ದಳು. ಒಳಗೆ ಹಿಡಿದಷ್ಟೂ ಅವಳೂ ಇಳಿಯುತ್ತಿದ್ದಳು! ಇವಳ ಸೂಜಿ, ಅವಳ ಸೊಂಟ, ಎರಡೂ ಮಾತಾಡಿಕೊಂಡ ಹಾಗೆ. ಹಾಳು ಮಾಡಲೆಂದು ಹಾಕಿದ ಹೊಲಿಗೆಯಿಂದ ಅವಳ ಉಡುಪು ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಗಿರಾಕಿಯೊಬ್ಬಳು ಅದನ್ನು ತೋರಿಸಿ, ನನಗೂ ಇಂಥದ್ದೇ ಹೊಲಿದುಕೊಡಿ ಎಂದಾಗ ಟೇಪಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವಳಿಗೆ ಗೊತ್ತಾಗದ್ದು ಒಂದಿತ್ತು. ನರ್ಸಮ್ಮ ಮನೆಯಲ್ಲಿ ಹಾಕುತ್ತಿದ್ದದ್ದು ಗೋಣಿಯಂಥ ನೈಟಿ, ಜಿಮ್ಮಿಗೆ ಎಲಾಸ್ಟಿಕ್ ಪ್ಯಾಂಟು. ಮೈ ಇಳಿಯಿತೋ ಇಲ್ಲವೋ ಎಂದು ಅವಳಿಗೆ ತಿಳಿಸಬೇಕಿದ್ದದ್ದು ಸಮವಸ್ತ್ರವೊಂದೇ. ಅದೋ ತಿಂಗಳುಗಟ್ಟಲೆ ಅಷ್ಟೇ ಬಿಗಿ. ಯಾರೋ ಹೊಗಳಿದರೆ, ಸುಮ್ಮನೆ ಮುಖಸ್ತುತಿ ಮಾಡುತ್ತಾರೆ, ಪ್ಯಾಂಟು ಸುಳ್ಳು ಹೇಳುತ್ತದೆಯೇ ಎಂದುಕೊಳ್ಳುತ್ತಿದ್ದಳು. ಒಂದು ದಿನ ಕೆಳಗೆ ಬಂದು ಬಾಗಿಲು ಮುಂದೆ ಮಾಡಿ ಕೈಯೆತ್ತಿ ನಿಂತಳು.

‘ಒಂದ್ಸಲ ಅಳೀರಿ ಅಕ್ಕ. ಮೇಡಂ ಕೇಳ್ತಿದ್ದಾರೆ, ನನಗೂ ತಿಳ್ಕೋಬೇಕು.’

ಟೇಪಕ್ಕ ಟೇಪು ಸುತ್ತಿದಳು. ಟೇಪಿನ ಮೇಲೆ ಬೇರೆಯೇ ಅಂಕಿ ಕಂಡಿತು. ಮೂವತ್ತಾರೂವರೆ ಇದ್ದವಳು ಮೂವತ್ತೈದು. ಮೇಡಂ ಕೇಳುತ್ತಿದ್ದಾರೆ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು. ಅಳತೆ ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲದ್ದು ಅನುಕೂಲವೇ ಆಯಿತು.

‘ಮೊದಲಿದ್ದಷ್ಟೇ ಇದೆ ಕಣೇ’ ಎಂದಳು.

ನರ್ಸಮ್ಮ ಕೈ ಇಳಿಸಿದಳು, ಮೇಲೆ ಹೋದಳು. ಮಾರನೇ ಬೆಳಗ್ಗೆ ಟೇಪಕ್ಕ ಶೂ ಕಟ್ಟುತ್ತಿದ್ದರೆ ಪಕ್ಕದಲ್ಲಿ ಇನ್ನೊಂದು ಜೋಡಿ ಶೂ ಬಂದು ನಿಂತವು. ಜಿಮ್ ಬಿಟ್ಟೆ ಅಕ್ಕ, ನನ್ನ ಮೈಗೆ ಅದು ಒಗ್ಗಲ್ಲ, ನೀವೇ ಸರಿ, ನಡೆದೇ ಇಳಿಸ್ತೀನಿ ಎಂದಳು. ಕಣ್ಣು ಊದಿತ್ತು.

ಟೇಪಕ್ಕನಿಗೆ ಕೇಳದೆಯೇ ಸ್ವರ್ಗ ಸಿಕ್ಕ ಹಾಗಾಯಿತು. ಮತ್ತೆ ಮೈದಾನ, ಮತ್ತೆ ಮಾತು. ಮೇಡಂ ಹೆಸರೇ ಇಲ್ಲ. ಹಾಲಿನ ಅಂಗಡಿಯವನು, ಏನಮ್ಮ ಜೋಡಿ ಮತ್ತೆ ಕೂಡಿತಾ ಎಂದು ಕೇಳಿದಾಗ ಟೇಪಕ್ಕ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮನಸ್ಸು ಚುಚ್ಚುತ್ತಿರಲಿಲ್ಲವೇ? ಚುಚ್ಚುತ್ತಿತ್ತು. ಆದರೆ ದಿನಾ ಸೂಜಿ ಚುಚ್ಚಿಸಿಕೊಳ್ಳುವ ಬೆರಳು ಅವಳದು, ಚುಚ್ಚಿದ್ದನ್ನು ಬಾಯಲ್ಲಿಟ್ಟುಕೊಂಡು ಕೆಲಸ ಮುಂದುವರಿಸುವುದು ಅಭ್ಯಾಸವಾಗಿತ್ತು. ನರ್ಸಮ್ಮನಿಗೆ ನಡಿಗೆಯೇ ಸಾಕು, ಅವಳ ಬೆನ್ನೂ ಈಗ ಚೆನ್ನಾಗಿದೆ, ಕೇಡೇನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬೆನ್ನು ಚೆನ್ನಾಗಿದ್ದದ್ದು ಎತ್ತಿದ ಭಾರದಿಂದ. ಎತ್ತುವುದು ನಿಂತು ಎರಡು ತಿಂಗಳಾಗಿತ್ತೋ ಏನೋ, ಆಸ್ಪತ್ರೆಯಲ್ಲಿ ಹಾಸಿಗೆಯಿಂದ ಜಾರುತ್ತಿದ್ದ ಮುದುಕರೊಬ್ಬರನ್ನು ಹಿಡಿಯಲು ಹೋಗಿ ನರ್ಸಮ್ಮ ಅಲ್ಲೇ ಕುಸಿದಳು. ಅವಳನ್ನು ಸ್ಟ್ರೆಚರಿನಲ್ಲಿ ಮನೆಗೆ ತಂದರು. ಡಾಕ್ಟರು ಮಲಗಿಯೇ ಇರಬೇಕೆಂದಿದ್ದರು. ಇನ್ನೊಂದು ಸಲ ಹೀಗಾದರೆ ವಾರ್ಡಿನ ಕೆಲಸ ಬಿಟ್ಟು ಕಾಗದದ ಕೆಲಸಕ್ಕೆ ಹೋಗಬೇಕಾಗುತ್ತದೆಂದು ಮುಖ್ಯ ನರ್ಸು ಹೇಳಿ ಕಳಿಸಿದ್ದಳು. ವಾರ್ಡು ಎಂದರೆ ಪ್ರಾಣ ಬಿಡುವವಳಿಗೆ ಅದು ಬೆನ್ನುನೋವಿಗಿಂತ ದೊಡ್ಡ ನೋವು.

ಗಂಡಸರು ಮನೆಯಲ್ಲಿಲ್ಲದ ಹೊತ್ತು. ನರ್ಸಮ್ಮ ಬಚ್ಚಲಿಗೆ ಹೋಗಬೇಕೆಂದಳು. ಟೇಪಕ್ಕ ಅವಳ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದಳು. ಆಗಲಿಲ್ಲ. ಅರೆಹೊಟ್ಟೆಯಲ್ಲಿ ನಡೆದು ನಡೆದು ಒಣಗಿದ ತೋಳುಗಳು ಗಡಗಡ ನಡುಗಿದವು. ಅರ್ಧಕ್ಕೆ ಎದ್ದ ನರ್ಸಮ್ಮ ಮತ್ತೆ ಹಾಸಿಗೆಗೆ ಬಿದ್ದು ಹಲ್ಲು ಕಚ್ಚಿದಳು. ಕೊನೆಗೆ ಅತ್ತೆ ಬಂದು ಇನ್ನೊಂದು ಕಡೆ ಹಿಡಿಯಬೇಕಾಯಿತು. ವಾಪಸ್ಸು ಮಲಗಿಸಿದ ಮೇಲೆ ನರ್ಸಮ್ಮ ಗೋಡೆ ಕಡೆ ಮುಖ ಮಾಡಿ, ‘ಏನು ಮಾಡಿದ್ರೂ ನನ್ನ ಮೈ ನನ್ನ ಮಾತು ಕೇಳಲ್ಲ ಅಕ್ಕ’ ಎಂದಳು.

ಟೇಪಕ್ಕ ಕೆಳಗಿಳಿದು ಹೋದಳು. ಮೂರೂ ಪ್ಯಾಂಟು ಮತ್ತು ಹೊಲಿಗೆ ಬಿಚ್ಚುವ ಚಾಕು ತಂದು ಮಂಚದ ಪಕ್ಕ ಕೂತಳು. ಒಂದು ಪ್ಯಾಂಟನ್ನು ತಿರುವಿ ಹಾಕಿ ಸೊಂಟಪಟ್ಟಿಯ ಒಳಗಿನ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಮೂರು ಸಾಲು. ಪ್ರತಿ ಸಾಲಿಗೂ ಪಟ್ಟಿ ಅರ್ಧ ಇಂಚು ಬಾಯಿ ತೆರೆಯುತ್ತಿತ್ತು. ನರ್ಸಮ್ಮ ಮೊದಲು ಏನೋ ರಿಪೇರಿ ಎಂದುಕೊಂಡಳು. ಆಮೇಲೆ ತಲೆ ಎತ್ತಿ ನೋಡಿದಳು.

‘ಇದು ನಿನ್ನ ಪ್ಯಾಂಟು. ಮೊದಲಿದ್ದ ಹಾಗೆ’ ಎಂದಳು ಟೇಪಕ್ಕ. ‘ಈಗ ಹಾಕ್ಕೊಂಡ್ರೆ ಕಾಲಿಗೆ ಜಾರುತ್ತೆ. ಅವತ್ತು ಅಳೆದಾಗ ನೀನು ಒಂದೂವರೆ ಇಂಚು ಇಳಿದಿದ್ದೆ. ನಾನು ಸುಳ್ಳು ಹೇಳಿದೆ.’

‘ಯಾಕಕ್ಕ?’

ಟೇಪಕ್ಕ ದಾರದ ಚೂರುಗಳನ್ನು ಅಂಗೈಯಲ್ಲಿ ಉಂಡೆ ಮಾಡುತ್ತಿದ್ದಳು. ಏನೇನೋ ಸುತ್ತಿ ಬಳಸಿ ಹೇಳಬಹುದಿತ್ತು.

‘ಹೊಟ್ಟೆಕಿಚ್ಚು ಕಣೇ. ನೀನು ಚೆನ್ನಾಗಿ ಕಾಣೋದು ಒಂದು. ನನ್ನ ಬಿಟ್ಟು ಆ ಮೇಡಂ ಜತೆ ಹೋದೆಯಲ್ಲ, ಅದು ಹತ್ತು.’

ನರ್ಸಮ್ಮ ಬಿಚ್ಚಿದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೈದಿದ್ದರೆ ಟೇಪಕ್ಕನಿಗೆ ಹಗುರಾಗುತ್ತಿತ್ತು. ಕೊನೆಗೆ, ಪ್ಯಾಂಟು ಅಲ್ಲಿಟ್ಟು ಹೋಗಿ ಎಂದಳು, ಅಷ್ಟೆ. ಅಕ್ಕ ಎನ್ನಲಿಲ್ಲ.

ಮೂರು ವಾರಕ್ಕೆ ನರ್ಸಮ್ಮ ಎದ್ದು ಓಡಾಡಿದಳು. ಮೊದಲು ಫಿಸಿಯೋಥೆರಪಿ, ಆಮೇಲೆ ಗೋದಾಮಿನ ಮೇಲಿನ ಜಿಮ್. ಮೊದಲ ದಿನ ಹೊರಟಾಗ ಅವಳ ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ಅದರ ಬಾಯಿಂದ ನೀಲಿ ಬಟ್ಟೆ ಇಣುಕುತ್ತಿತ್ತು. ಅವಳು ಅಂಗಡಿಯ ಕಿಟಕಿಯ ಮುಂದೆಯೇ ಹಾದು, ಬೀದಿಯ ಕೊನೆಯವರೆಗೂ ನಡೆದು, ಕೂಗಿ ಅಳೆಯುವ ಆ ದರ್ಜಿಯ ಅಂಗಡಿಗೆ ಹತ್ತಿದಳು. ಟೇಪಕ್ಕ ಮಿಷಿನ್ ತುಳಿಯುವುದನ್ನು ನಿಲ್ಲಿಸಿ ನೋಡಿದಳು. ಇಷ್ಟು ವರ್ಷದಲ್ಲಿ ಯಾರ ಮೇಲೂ ಹುಟ್ಟದಷ್ಟು ಅಸೂಯೆ ಆ ಗಡ್ಡದ ದರ್ಜಿಯ ಮೇಲೆ ಹುಟ್ಟಿತು. ಮೇಡಂ ಅವನ ಮುಂದೆ ಏನೂ ಅಲ್ಲ.

ಮನೆಯಲ್ಲಿ ಮಾತು ನಿಂತಿರಲಿಲ್ಲ. ಉಪ್ಪು ಇದೆಯಾ, ನೀರು ಬಂತಾ, ಅತ್ತೆ ಮಾತ್ರೆ ತಗೊಂಡ್ರಾ, ಇಷ್ಟು ನಡೆಯುತ್ತಿತ್ತು. ಇಸ್ತ್ರಿಗೆ ಮಾತ್ರ ಬಟ್ಟೆ ಕೆಳಗೆ ಬರುತ್ತಿರಲಿಲ್ಲ. ಅತ್ತೆಗೆ ಏನೋ ವಾಸನೆ ಬಡಿದು ಇಬ್ಬರನ್ನೂ ಬೇರೆ ಬೇರೆಯಾಗಿ ಕೆದಕಿ ನೋಡಿದರು. ಇಬ್ಬರೂ ಬಾಯಿ ಬಿಡಲಿಲ್ಲ. ಟೇಪಕ್ಕ ಒಬ್ಬಳೇ ನಡೆಯುತ್ತಿದ್ದಳು, ಈಗ ಬಿರುಸಿಲ್ಲದೆ. ರಾತ್ರಿಯ ಊಟ ಮತ್ತೆ ಶುರು ಮಾಡಿದಳು. ಅಟ್ಟದ ಮೇಲೆ ತುಕ್ಕು ಹಿಡಿದಿದ್ದ ಹಳೆಯ ಇದ್ದಿಲ ಇಸ್ತ್ರಿಪೆಟ್ಟಿಗೆ ಇಳಿಸಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪರದೆ ಎಳೆದುಕೊಂಡು ಅದನ್ನು ಎತ್ತಿ ಇಳಿಸಿ ಮಾಡುತ್ತಿದ್ದಳು. ಆರೋಗ್ಯಕ್ಕೆಂದು ಹೇಳಿದರೆ ನಂಬಬೇಡಿ. ನರ್ಸಮ್ಮ ಒಬ್ಬಳೇ ಯಾಕೆ ಎತ್ತಬೇಕು ಎಂದು ಎತ್ತುತ್ತಿದ್ದಳು.

ತಂತಿಯ ಮೇಲೆ ಒಣಗಿದ್ದ ನೀಲಿ ಪ್ಯಾಂಟನ್ನು ಒಂದು ದಿನ ತಡೆಯಲಾಗದೆ ತಿರುವಿ ನೋಡಿದಳು. ಆ ದರ್ಜಿಯ ಹೊಲಿಗೆ ಹಾವಿನ ಹಾಗೆ ಹರಿದಾಡಿತ್ತು. ಪಟ್ಟಿ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಕೈ ತುರಿಸಿತು. ಇದ್ದ ಹಾಗೇ ಬಿಟ್ಟು ಬಂದಳು, ಮುಟ್ಟುವ ಹಕ್ಕು ಹೋಗಿತ್ತು.

ಜಿಮ್ಮಿಗೆ ಮರಳಿ ಹೋಗತೊಡಗಿ ತಿಂಗಳುಗಳೇ ಕಳೆದ ಮೇಲೆ ಒಂದು ಸಂಜೆ, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಬಾಗಿಲ ಹತ್ತಿರ ಅತ್ತೆ ಗುಂಡಿ ಹೊಲಿಯುತ್ತ ಕೂತಿದ್ದರು. ನರ್ಸಮ್ಮ ಆ ಪ್ಯಾಂಟು ಹಾಕಿಕೊಂಡೇ ಕೆಳಗೆ ಬಂದಳು. ಬಗ್ಗಿದರೆ ಹಿಂದೆ ಬಾಯಿ ಬಿಡುತ್ತದೆ, ರೋಗಿಯನ್ನು ಎತ್ತುವಾಗ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಳ್ಳಬೇಕಾಗಿದೆ ಎಂದಳು. ಹೊಸದಾಗಿ ಹೊಲಿಯಬೇಕು, ಅಳತೆ ತಗೊಳ್ಳಿ ಎಂದು ಕೋಣೆಯ ನಡುವೆ ಕೈಯೆತ್ತಿ ನಿಂತಳು. ಟೇಪಕ್ಕ ಅಭ್ಯಾಸದಂತೆ ಪರದೆ ಎಳೆಯಲು ಹೋದಳು.

‘ಪರದೆ ಬೇಡ’ ಎಂದಳು ನರ್ಸಮ್ಮ. ‘ಇಲ್ಲೇ ಅಳೀರಿ. ಅಳತೆ ಜೋರಾಗಿ ಹೇಳಿ.’

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಅತ್ತೆ ಸೂಜಿ ನಿಲ್ಲಿಸಿದರು. ಟೇಪಕ್ಕ ಕೊರಳಿನ ಟೇಪು ತೆಗೆದು ವಾರಗಿತ್ತಿಯ ಸೊಂಟಕ್ಕೆ ಸುತ್ತಿದಳು. ತುದಿಗಳು ಸೇರಿದ ಕಡೆ ಬಗ್ಗಿ ನೋಡಿದಳು. ಇನ್ನೊಮ್ಮೆ ಸರಿಯಾಗಿ ಸುತ್ತಿ ನೋಡಿದಳು. ಬೆಳಗ್ಗೆ ತಾನೇ ತನ್ನದನ್ನು ಅಳೆದುಕೊಂಡಿದ್ದಳು. ಅದು ಇನ್ನೂ ಅದೇ ಮೂವತ್ತನಾಲ್ಕು.

‘ಮೂವತ್ತೆರಡು’ ಎಂದಳು.

‘ಕೇಳಿಸ್ಲಿಲ್ಲ ಅಕ್ಕ.’

ಹೊಟ್ಟೆ ಉರಿಯುತ್ತಲೇ ಇತ್ತು. ಟೇಪಕ್ಕ ಬೀದಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದಳು.